ಅಮ್ಮನ ಕುರ್ಚಿ ಬಾಲ್ಕನಿಗೆ ಬರಲಿ

ಊರಿನಿಂದ ಅಮ್ಮನನ್ನು ಹೈದರಾಬಾದಿಗೆ ಕರೆತಂದಿದ್ದೀರಿ. ಬಿ.ಪಿ. ಮಾತ್ರೆ, ಶುಗರ್ ಟೆಸ್ಟ್ ಎಲ್ಲ ಸರಿಯಾಗಿ ನಡೆದಿದೆ. ಆದರೂ ತೆಲುಗು ಬಾರದ ಆ ಜೀವ ನಾಲ್ಕನೇ ಮಹಡಿಯಲ್ಲಿ ಇಡೀ ದಿನ ಟಿ.ವಿ. ಮುಂದೆ ಕೂತಿರುತ್ತದೆ. ಅದಕ್ಕೂ ಆರೈಕೆ ಬೇಡವೇ?

ಈಗ ಚಳಿಗಾಲ. ಎಳೆಬಿಸಿಲು ಬರುತ್ತಲೇ ಶಾಲು ಹೊದಿಸಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಡಿ. ದಾಸವಾಳದ ಕುಂಡವಿದ್ದರೆ ಸೂರಕ್ಕಿ ಬಂದೀತು. ಎದುರಿನ ಬೇವಿನ ಮರದಲ್ಲಿ ಪಿಕಳಾರ ಕಂಡೀತು. ನಮ್ಮ ವಾಚ್‌ಮನ್ ಅದನ್ನು 'ಪಿಗಿಲಿಪಿಟ್ಟ' ಎನ್ನುತ್ತಾರೆ. ನನ್ನ ಅಮ್ಮ ಇಲ್ಲಿ ಕಲಿತ ಮೊದಲ ತೆಲುಗು ಪದ ಅದೇ!

ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಕ್ಕಿ ಕಂಡವರ, ದನಿ ಕೇಳಿದವರ ಮನಸ್ಸು ಹಗುರವಾಗಿತ್ತು. ಆ ಹಿತ ಎಂಟು ಗಂಟೆಯವರೆಗೂ ಉಳಿದಿತ್ತು, ಖಿನ್ನತೆ ಇದ್ದವರಲ್ಲೂ. ಹಾಗೆಂದು ಮಾತ್ರೆ ಬಿಡಿಸಬೇಡಿ.

ಪಾರಿವಾಳಕ್ಕೆ ಕಾಳು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದು ಬಟ್ಟಲು ನೀರು ಸಾಕು, ದಿನಾ ತೊಳೆದು ತುಂಬಿಸಿ.

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. 15 ನಿಮಿಷ ಕೂತು, ಕಂಡ ಹಕ್ಕಿಗಳನ್ನು ಎಣಿಸಿ ಇ-ಬರ್ಡ್‌ನಲ್ಲಿ ದಾಖಲಿಸಿದರಾಯಿತು. ಎಣಿಸುವುದು ಅಜ್ಜಿ, ಮೊಬೈಲ್ ಒತ್ತುವುದು ಮೊಮ್ಮಗಳು. ಹೆಸರುಗಳನ್ನು ಅಜ್ಜಿ ಕನ್ನಡದಲ್ಲೇ ಹೇಳಲಿ.