‘ಕೇಳು’ ಎಂಬ ಮಾತಿನ ಮೂರು ಅರ್ಥ

ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಹಿರಿಯರ ಮಾತು ಕೇಳಬೇಕೆಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಮೊದಲನೆಯದು ಶ್ರವಣ, ಎರಡನೆಯದು ಪ್ರಶ್ನೆ, ಮೂರನೆಯದು ವಿಧೇಯತೆ. ಈ ಮೂರನ್ನೂ ಕನ್ನಡವು ಒಂದೇ ಧಾತುವಿನಲ್ಲಿ ಅಡಕಗೊಳಿಸಿರುವುದು ಭಾಷೆಯ ದಾರಿದ್ರ್ಯವಲ್ಲ, ವಿವೇಕವೆಂದೇ ನನ್ನ ಭಾವನೆ. ಏಕೆಂದರೆ ಪ್ರಶ್ನಿಸಿ ತಿಳಿಯುವ ಕುತೂಹಲವಿಲ್ಲದ ಶ್ರವಣವೂ, ಶ್ರವಣವಿಲ್ಲದೆ ಬಯಸುವ ವಿಧೇಯತೆಯೂ ಬಹುಕಾಲ ಬಾಳತಕ್ಕವಲ್ಲ. ಆದರೆ ಅಧಿಕಾರ ಕೈಗೆ ಬಂದೊಡನೆ, ಅದು ಮನೆಯ ಯಜಮಾನಿಕೆಯೇ ಆಗಲಿ ಕಾರ್ಖಾನೆಯ ಮೇಲ್ವಿಚಾರಣೆಯೇ ಆಗಲಿ, ಈ ಪದದ ಮೊದಲೆರಡು ಅರ್ಥಗಳು ಸವೆದುಹೋಗಿ ಕಡೆಯದೊಂದೇ ಉಳಿಯುತ್ತದೆ. ‘ಮಗ ನನ್ನ ಮಾತು ಕೇಳುವುದಿಲ್ಲ’ ಎಂದು ದೂರುವ ತಂದೆ, ತಾನು ಮಗನ ಮಾತನ್ನು ಎಂದಾದರೂ ಕೇಳಿದ್ದುಂಟೆ ಎಂದು ತನ್ನನ್ನು ತಾನು ಕೇಳಿಕೊಳ್ಳುವುದು ಅಪರೂಪ.

ದಿಲ್ಲಿಯಿಂದ ಜೈಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಗುರುಗ್ರಾಮದಾಚೆ ಇರುವ ಮಾನೇಸರ್ ಎಂಬ ಕೈಗಾರಿಕಾ ಪಟ್ಟಣವು ಈ ಅರ್ಥಸಂಕೋಚಕ್ಕೆ ಭಾರಿ ಬೆಲೆ ತೆತ್ತ ಸ್ಥಳ. ಅಲ್ಲಿನ ಮಾರುತಿ ಸುಜುಕಿ ಕಾರ್ಖಾನೆಯ ಕಾರ್ಮಿಕರು ತಮ್ಮದೇ ಆದ ಸಂಘ ಬೇಕೆಂದು 2011ರ ಜೂನ್ ತಿಂಗಳಲ್ಲಿ ಸುಮಾರು ಎರಡು ವಾರ ಮುಷ್ಕರ ಹೂಡಿದರು. ಆಗಸ್ಟ್ ಅಂತ್ಯದಲ್ಲಿ, ಸದ್ವರ್ತನೆಯ ಮುಚ್ಚಳಿಕೆಗೆ ಸಹಿ ಹಾಕಿದವರಿಗಷ್ಟೇ ಒಳಗೆ ಪ್ರವೇಶವೆಂದು ಆಡಳಿತವರ್ಗವು ಗೇಟಿನಲ್ಲಿ ತಡೆದಾಗ ಬಿಕ್ಕಟ್ಟು ಮತ್ತೆ ಒಂದು ತಿಂಗಳು ಮುಂದುವರಿಯಿತು. ಅಕ್ಟೋಬರಿನಲ್ಲಿ ಮೂರನೆಯ ಸಲ ಮುಷ್ಕರವಾಯಿತು. 2012ರ ಆದಿಭಾಗದಲ್ಲಿ ಸಂಘವೇನೋ ನೋಂದಣಿಯಾಯಿತು. ಆದರೆ ಜುಲೈ 18ರಂದು ಒಬ್ಬ ಮೇಲ್ವಿಚಾರಕನಿಗೂ ಒಬ್ಬ ಕಾರ್ಮಿಕನಿಗೂ ನಡೆದ ಜಗಳವು ಸಂಜೆಯ ವೇಳೆಗೆ ದೊಂಬಿಯಾಗಿ ಬೆಳೆದು, ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿ ಅವನೀಶ್ ಕುಮಾರ್ ದೇವ್ ಅವರು ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಪ್ರಾಣ ಕಳೆದುಕೊಂಡರು. 2017ರ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯವು 31 ಮಂದಿಯನ್ನು ಅಪರಾಧಿಗಳೆಂದು ಸಾರಿ, ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 117 ಮಂದಿ ದೋಷಮುಕ್ತರಾದರು.

ಒಬ್ಬ ಮನುಷ್ಯನ ಕೊಲೆಗೆ ಸಮಾಧಾನ ಹೇಳಬಲ್ಲ ಯಾವ ದೂರೂ ಲೋಕದಲ್ಲಿಲ್ಲ. ಅಂತೆಯೇ, ವೇತನ, ಗುತ್ತಿಗೆ ಪದ್ಧತಿ, ಸಂಘದ ಮಾನ್ಯತೆ ಮೊದಲಾದ ಜಟಿಲ ಪ್ರಶ್ನೆಗಳೆಲ್ಲವನ್ನೂ ‘ಕಿವಿಗೊಡಲಿಲ್ಲ’ ಎಂಬ ಒಂದು ಮಾತಿನಲ್ಲಿ ಮುಗಿಸುವುದೂ ಸರಿಯಲ್ಲ. ಆದರೂ ಆ ದಿನಗಳ ದೂರುಗಳಲ್ಲೊಂದು ನನ್ನ ಮನಸ್ಸಿನಲ್ಲಿ ನಿಂತಿದೆ: ಚಹಾ ಕುಡಿಯುವುದಕ್ಕೂ ಶೌಚಕ್ಕೆ ಹೋಗಿಬರುವುದಕ್ಕೂ ಸೇರಿ ಏಳೇ ನಿಮಿಷದ ಬಿಡುವು ಎಂಬುದು. ಇದನ್ನು ಕೇವಲ ಕಿವಿಯಿಂದ ಕೇಳಿದವನಿಗೆ ಇದು ಮೂರು ನಿಮಿಷ ಹೆಚ್ಚು ಬೇಕೆಂಬ ಬೇಡಿಕೆ; ಮನಸ್ಸಿಟ್ಟು ಕೇಳಿದವನಿಗೆ, ನಮ್ಮನ್ನು ಯಂತ್ರದ ಬಿಡಿಭಾಗವೆಂದು ಎಣಿಸಬೇಡಿರಿ ಎಂಬ ಆತ್ಮಗೌರವದ ಮೊರೆ. ಮೊದಲನೆಯದಕ್ಕೆ ಗಡಿಯಾರ ನೋಡಿ ಉತ್ತರ ಹೇಳಬಹುದು. ಎರಡನೆಯದಕ್ಕೆ ಉತ್ತರವಾಗಿ ಮುಚ್ಚಳಿಕೆಯ ಕಾಗದವನ್ನು ಮುಂದೊಡ್ಡುವುದೆಂದರೆ, ಮಾತನಾಡಲು ಬಂದವನಿಗೆ ‘ಮೊದಲು ಹೇಳಿದ್ದು ಕೇಳು’ ಎಂದಂತೆಯೇ ಸರಿ.

ದೂರದ ಹರಿಯಾಣದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದವು. ಕೆಲವು ಕೆಲಸಗಾರರಿಗೆ ಸಂಬಳ ಸರಿಯಾಗಿಯೂ ಸಕಾಲಕ್ಕೂ ಸಂದಿರಲಿಲ್ಲವೆಂದು ಕಂಪನಿಯು ಒಪ್ಪಿ ಕ್ಷಮೆ ಕೋರಿದ್ದು ಆ ಬಳಿಕ. ಗಾಜು ಒಡೆದ ಸದ್ದಿಗೆ ದೊರೆತ ಕಿವಿ ಅದಕ್ಕೆ ಮೊದಲೇ ಮಾತಿಗೆ ದೊರೆತಿದ್ದರೆ!

ಇಂದು ಕಚೇರಿಗಳ ತರಬೇತಿ ಶಿಬಿರಗಳಲ್ಲಿ ‘ಆಕ್ಟಿವ್ ಲಿಸನಿಂಗ್’ ಎಂಬ ಹೆಸರಿನಿಂದ ಕಲಿಸಲ್ಪಡುವ ವಿದ್ಯೆ, ಅರ್ಥಾತ್ ಸಕ್ರಿಯ ಶ್ರವಣವು, ಬೆಳೆದುಬಂದದ್ದೂ ಕೈಗಾರಿಕೆಯ ನೆರಳಿನಲ್ಲಿಯೇ. ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಅದೇ ಹೆಸರಿನ ಕಿರುಹೊತ್ತಗೆಯನ್ನು 1957ರಲ್ಲಿ ಹೊರತಂದದ್ದು ಷಿಕಾಗೋ ವಿಶ್ವವಿದ್ಯಾನಿಲಯದ ಕೈಗಾರಿಕಾ ಸಂಬಂಧಗಳ ಕೇಂದ್ರದಿಂದ. ಆಡಿದ ಮಾತಿನ ವಿಷಯದೊಡನೆ ಅದರ ಹಿಂದಿನ ಭಾವವನ್ನೂ ಗ್ರಹಿಸಬೇಕು, ಒಡನೆಯೇ ತೀರ್ಪನ್ನೂ ಉಪದೇಶವನ್ನೂ ಕೊಡಲು ಹೊರಡಬಾರದು ಎಂಬುದು ಅವರ ಪ್ರತಿಪಾದನೆಯ ಸಾರ. ಅದಕ್ಕೂ ಮೊದಲೇ ರೋಜರ್ಸ್ ಸೂಚಿಸಿದ್ದ ಸಾಧನೆಯೊಂದುಂಟು: ವಾದ ನಡೆಯುವಾಗ, ಎದುರಾಳಿಯ ಅಭಿಪ್ರಾಯವನ್ನೂ ಭಾವವನ್ನೂ ಅವನೇ ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಒಪ್ಪುವಂತೆ ಮರಳಿ ನುಡಿದ ಹೊರತು ನಿಮ್ಮ ಮಾತನ್ನು ಆರಂಭಿಸಕೂಡದು. ಕೇಳುವುದಕ್ಕೆ ಸುಲಭ, ಇಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಪ್ರಯತ್ನಿಸಿ ನೋಡಿದರೆ, ನಮ್ಮ ಕಿವಿಯ ಅರ್ಧಭಾಗವು ಸದಾ ನಮ್ಮದೇ ಮುಂದಿನ ಉತ್ತರವನ್ನು ಹೊಸೆಯುವುದರಲ್ಲಿ ತೊಡಗಿರುತ್ತದೆಂಬುದು ಮನವರಿಕೆಯಾಗುತ್ತದೆ.

ಅಜ್ಜಿಯ ಕಥೆಗೆ ‘ಹೂಂ’ಗುಟ್ಟುತ್ತಿದ್ದ ಬಾಲ್ಯವನ್ನು ಕಂಡವರಿಗೆ ಈ ವಿದ್ಯೆ ತೀರ ಹೊಸದಲ್ಲ. ಹೂಂಗುಡುವವರಿಲ್ಲದೆ ಕಥೆ ಸಾಗುತ್ತಿರಲಿಲ್ಲ. ‘ಎಲ್ಲಿಗೆ ನಿಲ್ಲಿಸಿದೆ, ಹೇಳು’ ಎಂದು ಅಜ್ಜಿ ನಡುವೆ ಪರೀಕ್ಷಿಸಿದರೆ ತೂಕಡಿಸಿದವನು ಸಿಕ್ಕಿಬೀಳುತ್ತಿದ್ದ. ಈಗಲೂ ನಾವು ಹೂಂಗುಟ್ಟುತ್ತೇವೆ, ಆದರೆ ಕಣ್ಣು ಮೊಬೈಲಿನ ಮೇಲಿರುತ್ತದೆ. ಹೆಂಡತಿಯೋ ಮಗಳೋ ಅಜ್ಜಿಯಂತೆ ತಟ್ಟನೆ ಪರೀಕ್ಷಿಸಿದರೆ ಉತ್ತರವಿರುವುದಿಲ್ಲ.

ಕೇಳುವುದೆಂದರೆ ಒಪ್ಪುವುದೆಂದು ಭಯಪಡುವವರುಂಟು. ಅದು ತಪ್ಪು ತಿಳಿವಳಿಕೆ. ಬೇಡಿಕೆಯನ್ನು ಪೂರ್ತಿಯಾಗಿ ಕೇಳಿ, ಕಾರಣ ಹೇಳಿ, ನಿರಾಕರಿಸಬಹುದು. ಹಾಗೆಯೇ, ಪರಿಹಾರದ ಅಧಿಕಾರವಿಲ್ಲದವನನ್ನು ಕೇಳುವುದಕ್ಕೆಂದು ಕೂರಿಸುವುದು ಗೌರವದ ವೇಷ ತೊಟ್ಟ ವಂಚನೆ. ನೂರಕ್ಕೆ ಕಡಿಮೆಯಿಲ್ಲದ ಕಾರ್ಮಿಕರಿರುವಲ್ಲಿ ಉಭಯಪಕ್ಷಗಳ ಸಮಿತಿಯ ಏರ್ಪಾಡನ್ನು 1947ರ ಕೈಗಾರಿಕಾ ವಿವಾದ ಕಾಯಿದೆಯೂ, ಇಪ್ಪತ್ತು ಮಂದಿ ಇರುವಲ್ಲಿಯೇ ಕುಂದುಕೊರತೆ ಸಮಿತಿಯನ್ನು ಅದರ 2010ರ ತಿದ್ದುಪಡಿಯೂ ಕಲ್ಪಿಸಿದ್ದುವು. ಕಾನೂನು ಮೇಜನ್ನೂ ಕುರ್ಚಿಗಳನ್ನೂ ಹಾಕಿಸಬಲ್ಲದು. ಕುಳಿತವರ ಕಿವಿಯನ್ನು ತೆರೆಯಲಾರದು. ಅಂತಹ ಸಭೆಗಳ ನಡಾವಳಿಯಲ್ಲಿ ಆಡಳಿತದ ಉತ್ತರವನ್ನು ಬರೆಯುವುದಕ್ಕೆ ಮೊದಲು, ದೂರನ್ನು ದೂರಿತ್ತವನೇ ‘ಸರಿಯಾಗಿ ಬರೆದಿದ್ದೀರಿ’ ಎಂದು ಒಪ್ಪುವ ಮಾತುಗಳಲ್ಲಿ ದಾಖಲಿಸುವ ಒಂದು ನಿಯಮವನ್ನಾದರೂ ನಮ್ಮ ಕಾರ್ಖಾನೆಗಳು ಮಾಡಿಕೊಳ್ಳಲಿ. ಅದಕ್ಕೆ ಹಣ ಬೇಡ, ತಜ್ಞರು ಬೇಡ. ಏಳು ನಿಮಿಷದ ಬಿಡುವಿಗಿಂತ ತುಸು ಹೆಚ್ಚು ಹೊತ್ತು ಬೇಕಾದೀತು, ಅಷ್ಟೆ.