ಡಬ್ಬಿಯ ಪುಡಿಯೋ, ಬುತ್ತಿಯ ರೊಟ್ಟಿಯೋ?

ಊಟ ಬಿಟ್ಟರೆ ಬೊಜ್ಜು ಕರಗುವುದು, ಡಬ್ಬಿಯ ಪುಡಿ ಕುಡಿದರೆ ತೋಳು ಬಲಿಯುವುದು ಎಂಬ ಭ್ರಮೆ ಬೇಡ. ಉಪವಾಸದಿಂದ ಬೊಜ್ಜಿನೊಡನೆ ಸ್ನಾಯುವೂ ಸವೆಯುತ್ತದೆ. ದಂಡ-ಬೈಠಕಿನ ಶ್ರಮವಿಲ್ಲದೆ ಪುಡಿಯೊಂದೇ ಕಸುವು ಕೊಡಲಾರದು. ನಮ್ಮ ಸೊಲ್ಲಾಪುರ ಸೀಮೆಯ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಮಜ್ಜಿಗೆಯನ್ನು ಬಡವರ ಊಟವೆಂದು ಹೀಗಳೆಯಬೇಡಿರಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಎಣ್ಣೆಯೂ ಹೆಚ್ಚಿರುವುದರಿಂದ ದಿನಕ್ಕೊಂದು ಹಿಡಿ ಸಾಕು. ಕಡಿಮೆ ಮಾಡಬೇಕಾದದ್ದು ಭಜಿ, ಸಿಹಿ ಪಾನೀಯಗಳನ್ನು.

ಪಾಲಕರಲ್ಲಿ ಒಂದು ಮಾತು. ಹತ್ತನೆಯ ಇಯತ್ತೆ ಬಂತೆಂದು ಮಕ್ಕಳ ಆಟ ಬಿಡಿಸುವುದು, ಹೆಣ್ಣುಮಕ್ಕಳನ್ನು ಮೈದಾನದಿಂದ ದೂರವಿಡುವುದು ತಪ್ಪು. 5ರಿಂದ 17 ವರ್ಷದ ಮಕ್ಕಳ ಮೈ ನಿತ್ಯ ಒಂದು ತಾಸು ದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದುವ ತಲೆಯನ್ನು ಹೊರುವುದೂ ಈ ದೇಹವೇ ಅಲ್ಲವೇ?