ಹಾರ್ಡ್ ಡಿಸ್ಕ್ ಮುಟ್ಟದ ಲಿನಕ್ಸ್

2005ರ ಮಳೆಗಾಲ. ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ಏಳುತ್ತಿರಲಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮೂಡಿ ಅಲ್ಲಿಗೇ ನಿಲ್ಲುತ್ತಿತ್ತು. ವರ್ಷದ ಲೆಕ್ಕವೆಲ್ಲ ಅದರೊಳಗೆ. ನಾನು ಚೀಲದಿಂದ ಒಂದು ಸಿಡಿ ತೆಗೆದೆ. ಮಂಡಿಯ ಯಜಮಾನರು ಕೈ ಅಡ್ಡ ಹಿಡಿದರು. "ಹೊಸತೇನೂ ಹಾಕೋದು ಬೇಡ ಮಾರಾಯಾ, ಇದ್ದಿದ್ದೂ ಹೋದೀತು."

ಅವರ ಮಾತು ಅಜ್ಞಾನದ್ದಾಗಿರಲಿಲ್ಲ. ಅದಕ್ಕೂ ಹಿಂದಿನ ಐದಾರು ವರ್ಷ ಲಿನಕ್ಸ್ ಹಾಕಲು ಹೋಗಿ ಇದ್ದದ್ದನ್ನೂ ಕಳೆದುಕೊಂಡವರು ನಮ್ಮ ಪರಿಚಯದಲ್ಲೇ ಇದ್ದರು. ಆದರೆ ನನ್ನ ಕೈಯಲ್ಲಿದ್ದ ಸಿಡಿ ಬೇರೆ ಜಾತಿಯದು. ಅದನ್ನು ಲೈವ್ ಸಿಡಿ ಎನ್ನುತ್ತಿದ್ದರು. ಅದು ಹೇಗೆ ಬೇರೆ ಎಂದು ತಿಳಿಯಲು ಕಂಪ್ಯೂಟರ್ ಏಳುವ ಬಗೆಯನ್ನು ಸ್ವಲ್ಪ ನೋಡಬೇಕು.

ಕಂಪ್ಯೂಟರಿನ ಯಂತ್ರಭಾಗಗಳು ತಾವಾಗಿ ಏನೂ ಮಾಡಲಾರವು. ಕೀಲಿಮಣೆ, ಪರದೆ, ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ದುಡಿಸುವ ಮೇಸ್ತ್ರಿಯಂಥ ತಂತ್ರಾಂಶವೊಂದು ಬೇಕು. ಅದೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು, ಲಿನಕ್ಸ್ ಇನ್ನೊಂದು. ಲಿನಕ್ಸ್‌ನ ತಿರುಳನ್ನು ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ. ಅದರ ಸುತ್ತಲಿನ ಸಾಮಗ್ರಿಯಲ್ಲಿ ಬಹುಪಾಲು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯದು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು ಎಂಬ ಪರವಾನಗಿ ಅದಕ್ಕಿತ್ತು. ಈ ಪರವಾನಗಿ ಇಲ್ಲದಿದ್ದರೆ ಮುಂದೆ ಹೇಳುವ ಸಿಡಿಗಳು ಹುಟ್ಟುತ್ತಲೇ ಇರಲಿಲ್ಲ.

ಸಾಮಾನ್ಯವಾಗಿ ಈ ಮೇಸ್ತ್ರಿಯ ವಾಸ ಹಾರ್ಡ್ ಡಿಸ್ಕ್‌ನಲ್ಲಿ. ವಿಂಡೋಸ್ ಇದ್ದ ಡಿಸ್ಕ್‌ನಲ್ಲೇ ಲಿನಕ್ಸ್ ಕೂಡ ಬೇಕೆಂದರೆ ಡಿಸ್ಕನ್ನು ಪಾಲು ಮಾಡಬೇಕು. ಇದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಯಾವ ಪಾಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಪಟ್ಟಿ ಡಿಸ್ಕ್‌ನ ಆರಂಭದಲ್ಲೇ ಒಂದು ಪುಟ್ಟ ಜಾಗದಲ್ಲಿರುತ್ತದೆ. ಜಮೀನಿನ ಪಹಣಿ ಇದ್ದ ಹಾಗೆ. ಅಲ್ಲಿ ಒಂದು ಅಂಕಿ ತಪ್ಪಿದರೆ ಹೊಲ ಇದ್ದಲ್ಲೇ ಇರುತ್ತದೆ, ಯಾರದ್ದೆಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಲಿಲೋ ಎಂಬ ದ್ವಾರಪಾಲಕ ತಂತ್ರಾಂಶವನ್ನು ಕೂರಿಸಬೇಕು. ಅದು ಅರ್ಧದಲ್ಲಿ ಎಡವಿದರೆ ಪರದೆಯ ಮೇಲೆ ತನ್ನ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ಬರೆದು ಸುಮ್ಮನಾಗುತ್ತಿತ್ತು. ಇದನ್ನೂ ದಾಟಿದವರಿಗೆ ಚಿತ್ರಪರದೆಯ ಪರೀಕ್ಷೆ. ನಿಮ್ಮ ಮಾನಿಟರ್ ಸೆಕೆಂಡಿಗೆ ಎಷ್ಟು ಗೆರೆ ಎಳೆಯಬಲ್ಲದು ಎಂದು ಲಿನಕ್ಸ್ ನಮ್ಮನ್ನೇ ಕೇಳುತ್ತಿತ್ತು, ತಪ್ಪು ಹೇಳಿದರೆ ಮಾನಿಟರ್ ಕೆಟ್ಟೀತು ಎಂದು ಎಚ್ಚರಿಸುತ್ತಲೂ ಇತ್ತು. ಕೊನೆಯದಾಗಿ ಮೋಡೆಮ್. ಆಗ ಅಗ್ಗಕ್ಕೆ ಸಿಗುತ್ತಿದ್ದ ಎಷ್ಟೋ ಮೋಡೆಮ್‌ಗಳಲ್ಲಿ ಅರ್ಧ ಕೆಲಸವನ್ನು ಮಾಡುತ್ತಿದ್ದುದು ವಿಂಡೋಸ್‌ಗೆಂದೇ ಬರೆದ ತಂತ್ರಾಂಶ. ಲಿನಕ್ಸ್‌ನಲ್ಲಿ ಅವು ಬರೀ ತಗಡು. ಇಂಟರ್ನೆಟ್‌ನಲ್ಲಿ ಪರಿಹಾರ ಹುಡುಕಲು ಮೋಡೆಮ್ ಬೇಕು, ಮೋಡೆಮ್ ನಡೆಯಲು ಆ ಪರಿಹಾರ ಬೇಕು.

ಹೀಗಾಗಿ ಲಿನಕ್ಸ್‌ ಹೇಗಿದೆ ಎಂದು ರುಚಿ ನೋಡಬೇಕೆಂದರೆ ಮೊದಲು ಮನೆಯ ಗೋಡೆ ಒಡೆಯಬೇಕಿತ್ತು.

ಡಿಸ್ಕನ್ನು ಮುಟ್ಟದೆ, ಸಿಡಿಯಿಂದಲೇ ಇಡೀ ಸಿಸ್ಟಂ ನಡೆಸಬಹುದಲ್ಲ ಎಂಬ ಯೋಚನೆ ಹಳೆಯದೇ. 1992ರ ಇಗ್ಡ್ರಸಿಲ್ ಎಂಬ ಲಿನಕ್ಸ್ ಆಗಲೇ ಸಿಡಿಯಿಂದ ಓಡುತ್ತಿತ್ತು. ಆದರೆ ಅದನ್ನು ಎಬ್ಬಿಸಲು ಒಂದು ಫ್ಲಾಪಿ ಬೇಕಿತ್ತು, ಏಕೆಂದರೆ ಅಂದಿನ ಪಿಸಿಗಳಿಗೆ ಸಿಡಿಯಿಂದ ಎಚ್ಚರಗೊಳ್ಳುವ ವಿದ್ಯೆ ಗೊತ್ತಿರಲಿಲ್ಲ. ಗುಂಡಿ ಒತ್ತಿದೊಡನೆ ಆಗ ಮೊದಲು ಏಳುತ್ತಿದ್ದುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿದ್ದ ಬಯಾಸ್ ಎಂಬ ಪುಟ್ಟ ತಂತ್ರಾಂಶ. ಫ್ಲಾಪಿಯಲ್ಲಿ ಏನಾದರೂ ಇದೆಯೇ, ಹಾರ್ಡ್ ಡಿಸ್ಕ್‌ನಲ್ಲಿ ಇದೆಯೇ ಎಂದು ಅದು ಸರದಿಯಲ್ಲಿ ನೋಡುತ್ತಿತ್ತು. ಸಿಕ್ಕಿದ ಮೊದಲ ಮೇಸ್ತ್ರಿಗೆ ಬೀಗದ ಕೈ ಕೊಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಈ ಸರದಿಯಲ್ಲಿ ಸಿಡಿಯನ್ನೂ ಸೇರಿಸುವ ಎಲ್ ಟೊರಿಟೊ ಎಂಬ ನಿಯಮಾವಳಿ ಬಂದದ್ದು 1995ರಲ್ಲಿ. ಅಲ್ಲಿಂದಾಚೆಗೆ ದಾರಿ ತೆರೆಯಿತು.

ದಾರಿಯೇನೋ ತೆರೆಯಿತು, ತೊಡಕುಗಳು ಉಳಿದವು. ಅವನ್ನು ಸಾಮಾನ್ಯರ ಪಾಲಿಗೆ ಬಿಡಿಸಿಕೊಟ್ಟವನು ಜರ್ಮನಿಯ ಕ್ಲಾಸ್ ನಾಪರ್. 2000ದಲ್ಲಿ ಆತ ಬಿಡುಗಡೆ ಮಾಡಿದ ನಾಪಿಕ್ಸ್ ನನ್ನ ಚೀಲದಲ್ಲಿದ್ದ ಸಿಡಿ.

ಮೊದಲ ತೊಡಕು ಜಾಗದ್ದು. ಸಿಡಿಯಲ್ಲಿ ಹಿಡಿಸುವುದು 700 ಎಂಬಿ. ನಾಪರ್ ಅದರಲ್ಲಿ ಸುಮಾರು 2 ಜಿಬಿ ತಂತ್ರಾಂಶ ತುಂಬಿದ. ಇಡೀ ಸಾಮಗ್ರಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೂ ಹಿಂಡಿ ಕುಗ್ಗಿಸಿ ಇಡುವುದು, ಬೇಕಾದ ತುಂಡನ್ನಷ್ಟೇ ಓದಿ ಆ ಕ್ಷಣದಲ್ಲಿ ಬಿಡಿಸಿಕೊಳ್ಳುವುದು. ಹಪ್ಪಳದ ಡಬ್ಬಿಯಿಂದ ಊಟಕ್ಕೆ ಬೇಕಾದಷ್ಟನ್ನೇ ತೆಗೆದು ಕರಿದ ಹಾಗೆ. ಬಿಡಿಸಲು ಸಮಯ ಹೋಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆದದ್ದು ಇದಕ್ಕೆ ತಿರುಗಾಮುರುಗ. ಸಿಡಿಯ ಮೂಲವೇಗ ಸೆಕೆಂಡಿಗೆ 150 ಕೆಬಿ. 52 ಪಟ್ಟು ವೇಗದ ಡ್ರೈವ್ ಕೂಡ ಹೊರ ಅಂಚಿನಲ್ಲಷ್ಟೇ 7.8 ಎಂಬಿ ಮುಟ್ಟುತ್ತಿತ್ತು. ಪ್ರೊಸೆಸರ್ ಇದಕ್ಕಿಂತ ಬಹಳ ಚುರುಕು. ಹಾಗಾಗಿ ಸಿಡಿಯಿಂದ ಕಡಿಮೆ ಓದಿ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುವುದೇ ಲಾಭ.

ಎರಡನೆಯದು ಬರೆಯುವ ಸಮಸ್ಯೆ. ಒಮ್ಮೆ ಸುಟ್ಟ ಸಿಡಿಯ ಮೇಲೆ ಮತ್ತೆ ಬರೆಯಲಾಗದು. ಆದರೆ ಯಾವ ಸಿಸ್ಟಮ್ಮೂ ಬರೆಯದೆ ಒಂದು ನಿಮಿಷ ಬದುಕಲಾರದು. ಕಡತ ತೆರೆದರೆ, ಗಡಿಯಾರ ತಿದ್ದಿದರೆ, ಎಲ್ಲೋ ಏನೋ ಗುರುತು ಹಾಕಿಕೊಳ್ಳುತ್ತಲೇ ಇರುತ್ತದೆ. ಶಾಲೆಯಲ್ಲಿ ಭೂಪಟದ ಮೇಲೆ ಬಟರ್ ಪೇಪರ್ ಇಟ್ಟು ನದಿ ಎಳೆಯುತ್ತಿದ್ದೆವಲ್ಲ, ಪರಿಹಾರ ಅದೇ. ಕೆಳಗೆ ಸಿಡಿ, ಅದರ ಮೇಲೆ ರ‍್ಯಾಮ್‌ನಲ್ಲಿ, ಅಂದರೆ ಕರೆಂಟು ಇರುವ ತನಕ ಮಾತ್ರ ನೆನಪಿಡುವ ಜಾಗದಲ್ಲಿ, ಒಂದು ಖಾಲಿ ಹಾಳೆ. ಓದುವಾಗ ಎರಡೂ ಸೇರಿ ಒಂದೇ ಪುಟವಾಗಿ ಕಾಣುತ್ತವೆ. ಬರೆಯುವುದೆಲ್ಲ ಮೇಲಿನ ಹಾಳೆಗೆ. ಸ್ವಿಚ್ ಆರಿಸಿದರೆ ಹಾಳೆ ಮಾಯ. ಮೊದಮೊದಲು ಕೆಲವು ಭಾಗಗಳಿಗೆ ಮಾತ್ರ ಈ ಸೌಲಭ್ಯವಿತ್ತು, 2005ರ ಹೊತ್ತಿಗೆ ಯೂನಿಯನ್ ಎಫ್‌ಎಸ್ ಎಂಬ ವಿಧಾನದಿಂದ ಇಡೀ ಸಿಡಿಯೇ ಬರೆಯಲು ಬರುವಂತೆ ತೋರತೊಡಗಿತು.

ಮೂರನೆಯದಕ್ಕೆ ನಾನು ಹೆಚ್ಚು ಬೆರಗಾಗಿದ್ದೆ. ಹಾರ್ಡ್ ಡಿಸ್ಕ್‌ನಲ್ಲಿ ಕೂತ ಸಿಸ್ಟಂಗೆ ತನ್ನ ಯಂತ್ರ ಯಾವುದೆಂದು ಮೊದಲೇ ಗೊತ್ತು. ಲೈವ್ ಸಿಡಿ ಮಾತ್ರ ಪ್ರತಿಸಲವೂ ಗುರುತಿಲ್ಲದ ಊರಿಗೆ ಬಂದಿಳಿದ ಬಯಲಾಟದ ಮೇಳ. ಯಾವ ಗದ್ದೆ, ಎಷ್ಟು ಅಗಲ, ಕರೆಂಟು ಎಲ್ಲಿಂದ ಎಂಬುದನ್ನೆಲ್ಲ ಬಂದ ಮೇಲೆಯೇ ನೋಡಿಕೊಂಡು ರಂಗಸ್ಥಳ ಕಟ್ಟಬೇಕು. ನಾಪಿಕ್ಸ್ ಏಳುವಾಗ ಮೂಲೆಯಲ್ಲಿ ಪೆಂಗ್ವಿನ್, ಅದರ ಕೆಳಗೆ ಬಣ್ಣದ ಸಾಲುಗಳು: ಇಂಥ ಪ್ರೊಸೆಸರ್ ಸಿಕ್ಕಿತು, ಇಂಥ ಮೌಸ್ ಸಿಕ್ಕಿತು, ಸೌಂಡ್ ಕಾರ್ಡ್ ಸಿಕ್ಕಿತು. ಮಾನಿಟರಿನ ಗೆರೆಯ ಲೆಕ್ಕವನ್ನು ನಮ್ಮನ್ನು ಕೇಳದೆ ತಾನೇ ಪತ್ತೆ ಮಾಡುತ್ತಿತ್ತು. ಅದಕ್ಕೂ ಮೊದಲು ದಿನಗಟ್ಟಲೆ ಕೂತು ಇದೇ ಕೆಲಸ ಮಾಡಿದ್ದವರಿಗೆ ಆ ಸಾಲುಗಳು ಸರಸರನೆ ಸರಿಯುವುದನ್ನು ನೋಡುವಾಗ ಸ್ವಲ್ಪ ಹೊಟ್ಟೆಯುರಿಯೂ ಆಗುತ್ತಿತ್ತು.

ನಿಧಾನ ಮಾತ್ರ ನಿಧಾನವೇ. ಬ್ರೌಸರ್ ಮೇಲೆ ಒತ್ತಿದರೆ ಡ್ರೈವ್ ಒಮ್ಮೆ ನಿದ್ದೆಯಿಂದೆದ್ದು ಗರ್ರೆಂದು ತಿರುಗಿ, ಓದುವ ಕಣ್ಣು ಅತ್ತಿತ್ತ ಟಕಟಕ ಓಡಾಡಿ, ಅರ್ಧ ನಿಮಿಷದ ಮೇಲೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಕನ್ನಡದ ಪುಟ ತೆರೆದರೆ ಅಕ್ಷರದ ಬದಲು ಸಣ್ಣ ಚೌಕಗಳು, ಅಕ್ಷರಶೈಲಿ ಇದ್ದರೂ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಕೂತಿರುತ್ತಿತ್ತು. ಕೇದಗೆ, ಮಲ್ಲಿಗೆಯಂಥ ಮುಕ್ತ ಅಕ್ಷರಶೈಲಿಗಳು ಬಂದು, ಅಕ್ಷರ ಜೋಡಿಸುವ ತಂತ್ರಾಂಶವೂ ಪಳಗಿದ ಮೇಲೆ ಅದು ಸರಿಹೋಯಿತು.

ಇನ್ನು ಸಿಡಿ ಕೈಗೆ ಬರುವುದೂ ಒಂದು ಕತೆ. 56 ಕೆ ಮೋಡೆಮ್‌ನಲ್ಲಿ 700 ಎಂಬಿ ಇಳಿಸಲು ಲೆಕ್ಕದ ಪ್ರಕಾರವೇ 29 ಗಂಟೆ ಬೇಕು, ಅದೂ ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ. ಹಾಗಾಗಿ ನಮಗೆಲ್ಲ ದಾರಿ ಎಂದರೆ ಪಿಸಿ ಕ್ವೆಸ್ಟ್, ಲಿನಕ್ಸ್ ಫಾರ್ ಯು ಥರದ ಪತ್ರಿಕೆಗಳ ಜೊತೆ ಬರುತ್ತಿದ್ದ ಡಿಸ್ಕ್, ಇಲ್ಲವೇ ಗೆಳೆಯರ ನಕಲು. 2004ರ ಅಕ್ಟೋಬರ್‌ನಲ್ಲಿ ಮಾರ್ಕ್ ಶಟಲ್‌ವರ್ತ್‌ನ ಕೆನಾನಿಕಲ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಹೊರತಂದು, ವಿಳಾಸ ಬರೆದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಕಳಿಸತೊಡಗಿತು. ಮೊದಲಿನ ಲಕೋಟೆಯಲ್ಲಿ ಎರಡು ಡಿಸ್ಕ್: ಒಂದು ಹಾಕಿ ನೋಡಲು, ಇನ್ನೊಂದು ಮನೆ ತುಂಬಿಸಿಕೊಳ್ಳಲು. 2006ರ ಜೂನ್‌ನಲ್ಲಿ ಎರಡೂ ಒಂದಾದವು. ಲಿನಕ್ಸ್ ಅನ್ನು ಬಳಸುತ್ತಲೇ, ಹಿನ್ನೆಲೆಯಲ್ಲಿ ಅದೇ ಲಿನಕ್ಸ್ ಅನ್ನು ಡಿಸ್ಕ್‌ಗೆ ಹಾಕಿಕೊಳ್ಳಬಹುದಾಯಿತು. ಉಬುಂಟುವಿನಲ್ಲಿ ನೋಡಿ ಒಪ್ಪಿದ ಮೇಲೆ ಹಾಕುವುದು ಎಂಬ ಕ್ರಮ ಬಂದದ್ದು ಆಗ.

ಮಂಡಿಗೆ ಮರಳೋಣ. ನಾಪಿಕ್ಸ್ ಎದ್ದಿತು. ಹಾರ್ಡ್ ಡಿಸ್ಕ್ ಪರದೆಯ ಮೇಲೆ ಒಂದು ಚಿತ್ರವಾಗಿ ಕಂಡಿತು, ಓದಲು ಮಾತ್ರ. ಬರೆಯಬೇಕೆಂದರೆ ಬೇಕೆಂದೇ ಕೇಳಿ ಬದಲಿಸಬೇಕಿತ್ತು. ಲೆಕ್ಕದ ಕಡತಗಳು 256 ಎಂಬಿ ಪೆನ್‌ಡ್ರೈವ್‌ಗೆ ಬಂದವು. ಯಜಮಾನರು ಎರಡು ನಿಮಿಷ ಸುಮ್ಮನಿದ್ದು ಕೇಳಿದರು: "ಅಲ್ಲ, ಇದು ನಮ್ಮ ಪಾಸ್‌ವರ್ಡ್ ಕೇಳಲೇ ಇಲ್ಲವಲ್ಲ?"

ಅಂದು ನನ್ನ ಕಿವಿಗೆ ಬಿದ್ದ ಅತ್ಯಂತ ಸರಿಯಾದ ಪ್ರಶ್ನೆ ಅದು. ಪಾಸ್‌ವರ್ಡ್ ಕೇಳುವವನು ಹಾರ್ಡ್ ಡಿಸ್ಕ್‌ನೊಳಗಿನ ಮೇಸ್ತ್ರಿ. ಅವನು ಮಲಗಿರುವಾಗ ಬೇರೆ ಮೇಸ್ತ್ರಿ ಬಂದರೆ ಕೇಳುವವರು ಯಾರು? ಅವರ ಲೆಕ್ಕ ಉಳಿಸಿದ ಬಾಗಿಲಿನಿಂದಲೇ ಕಳ್ಳನೂ ಬರಬಹುದಿತ್ತು. ಇಂದು ಫೋನು, ಲ್ಯಾಪ್‌ಟಾಪುಗಳಲ್ಲಿ ಕಡತಗಳನ್ನೇ ಗೂಢಲಿಪಿಯಲ್ಲಿ ಬರೆದಿಡುವುದಕ್ಕೂ, ಗುರುತಿಲ್ಲದ ಮೇಸ್ತ್ರಿಗೆ ಬೀಗದ ಕೈ ಕೊಡದಂತೆ ತಡೆಯುವುದಕ್ಕೂ ಒಂದು ಕಾರಣ ಇದೇ. ಆ ಕಾರಣ ನ್ಯಾಯವಾದದ್ದು.

ಸಿಡಿಗಳ ಕಾಲ ಮುಗಿಯಿತು. ಉಬುಂಟುವಿನ ಉಚಿತ ಅಂಚೆ 2011ರಲ್ಲಿ ನಿಂತಿತು. ಈಗಿನ ಉಬುಂಟು 5 ಜಿಬಿ ದಾಟಿದ್ದು, 4.7 ಜಿಬಿಯ ಡಿವಿಡಿಗೂ ಹಿಡಿಸುವುದಿಲ್ಲ, ಪೆನ್‌ಡ್ರೈವೇ ಗತಿ. ಬಟರ್ ಪೇಪರಿನ ಉಪಾಯ ಮಾತ್ರ ಎಲ್ಲೆಲ್ಲೂ ಹಬ್ಬಿದೆ. 2014ರಲ್ಲಿ ಅದರ ಒಂದು ರೂಪ ಲಿನಕ್ಸ್‌ನ ತಿರುಳಿಗೇ ಸೇರಿತು, ದೊಡ್ಡ ದೊಡ್ಡ ಸರ್ವರ್‌ಗಳಲ್ಲಿ ಒಂದೇ ತಳಹಾಳೆಯ ಮೇಲೆ ನೂರು ಮೇಲ್ಹಾಳೆ ಹಾಸಿ ಕೆಲಸ ನಡೆಯುತ್ತಿದೆ.

ನನ್ನ ಅಭಿಪ್ರಾಯ ಇಷ್ಟೇ. ಫೋನುಗಳಲ್ಲಿ ಕಳ್ಳನಿಗೆ ಬಾಗಿಲು ಮುಚ್ಚುವ ಭರದಲ್ಲಿ ಮಾಲೀಕನಿಗೆ ರುಚಿ ನೋಡುವ ಕಿಟಕಿಯನ್ನೂ ಮುಚ್ಚಬೇಕಿರಲಿಲ್ಲ. ಅದು ಸಾಧ್ಯವಿಲ್ಲ ಎಂದಲ್ಲ. 2019ರ ಆಂಡ್ರಾಯ್ಡ್ 10ರಲ್ಲಿ, ಇದ್ದ ಸಿಸ್ಟಂ ಮುಟ್ಟದೆ ಇನ್ನೊಂದನ್ನು ತಾತ್ಕಾಲಿಕವಾಗಿ ಎಬ್ಬಿಸಿ ನೋಡುವ ವ್ಯವಸ್ಥೆ ಬಂದಿದೆ. ಅದು ತಂತ್ರಾಂಶ ಬರೆಯುವವರಿಗೆಂದು ಒಳಮೂಲೆಯಲ್ಲಿದೆ. ಹೊರಗಿನವರು ಕಟ್ಟಿದ ಸಿಸ್ಟಂ ನೋಡಬೇಕಾದರೆ ಮೊದಲು ಬೂಟ್‌ಲೋಡರ್ ಎಂಬ ದ್ವಾರಪಾಲಕನ ಬೀಗ ತೆಗೆಯಬೇಕು. ಹಲವು ಕಂಪನಿಗಳು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಕೊಟ್ಟಲ್ಲಿ, ಬೀಗ ತೆಗೆದೊಡನೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಂಡಿಯ ಲೆಕ್ಕ ಈಗ ಯಜಮಾನರ ಫೋನಿನಲ್ಲಿದೆ. ಇದ್ದಿದ್ದೂ ಹೋದೀತು ಎಂದು ಅವರು ಇವತ್ತು ಕೈ ಅಡ್ಡ ಹಿಡಿದರೆ, ಹೌದು, ಹೋಗುತ್ತದೆ ಎಂದೇ ಹೇಳಬೇಕು.